ಸ್ಟಿಯರಿಂಗ್ ಹಿಡಿದು ಕಣ್ಣು ಹತ್ತಿದರೆ ಪರಿಹಾರ ಕೊಡುವವರು ಯಾರು?

ಹೈದರಾಬಾದ್ ವಿಮಾನ ನಿಲ್ದಾಣಕ್ಕೆ ಮಗನನ್ನು ಬಿಡಲು ಬೀದರ್‌ನಿಂದ ರಾತ್ರಿ ಹೊರಟವರು ಬೆಳಗಿನ ಜಾವ ಅದೇ ಕಾರಿನಲ್ಲಿ ಮರಳುತ್ತಾರೆ. ಭಾಲ್ಕಿಯ ಮದುವೆ ಮಂದಿ ಉದಗೀರಿನಲ್ಲಿ ಊಟ ಮುಗಿಸಿ ಅದೇ ರಾತ್ರಿ ಊರಿಗೆ ಹೊರಡುತ್ತಾರೆ. ಔರಾದ್ ಕಡೆಯವರು ಕ್ರೂಸರ್ ಮಾಡಿಕೊಂಡು ಗಾಣಗಾಪುರಕ್ಕೋ ತುಳಜಾಪುರಕ್ಕೋ ಹೋಗಿ, ಲಾಡ್ಜಿಗೆ ದುಡ್ಡು ಯಾಕೆಂದು ರಾತ್ರೋರಾತ್ರಿ ತಿರುಗಿ ಬರುತ್ತಾರೆ. ಗಾಡಿ ಓಡಿಸುವವನು ಮಾತ್ರ ಹಿಂದಿನ ದಿನ ಬೆಳಿಗ್ಗೆ ಎದ್ದವನೇ. ಅನಾಹುತವಾದ ಮೇಲೆ ಆಸ್ಪತ್ರೆಯ ವರಾಂಡದಲ್ಲಿ ಒಂದೇ ಮಾತು: "ಡ್ರೈವರ್‌ನ ಕಣ್ಣು ಹತ್ತಿತಂತ್ರಿ." ಅದರ ಬೆನ್ನಿಗೇ ಬರುವ ಪ್ರಶ್ನೆಗಳು ನೂರು. ಕೇಸ್ ಯಾರ ಮೇಲೆ? ಓಡಿಸಿದವನು ನಮ್ಮ ಅಳಿಯನೇ ಆದರೆ? ಇನ್ಶೂರೆನ್ಸ್ ಬರುತ್ತದೆಯೇ? ಅಪಘಾತ ತೆಲಂಗಾಣದ ಗಡಿಯೊಳಗೆ ಆಗಿದ್ದರೆ ಅಲೆಯಬೇಕಾದದ್ದು ಎಲ್ಲಿಗೆ?

2022ರ ಡಿಸೆಂಬರ್ 30ರ ನಸುಕಿನಲ್ಲಿ ರೂರ್ಕಿ ಬಳಿ ಕ್ರಿಕೆಟಿಗ ರಿಷಭ್ ಪಂತ್ ಅವರ ಕಾರು ಡಿವೈಡರ್‌ಗೆ ಗುದ್ದಿ ಸುಟ್ಟುಹೋದದ್ದು ನೆನಪಿರಬಹುದು. ಜೋಂಪು ಹತ್ತಿತ್ತೆಂದು ಅವರೇ ಹೇಳಿದ್ದಾಗಿ ಪೊಲೀಸರು ಆಗ ತಿಳಿಸಿದ್ದರು. ಕಾರಿನಲ್ಲಿ ಅವರೊಬ್ಬರೇ ಇದ್ದರು. ನಮ್ಮ ಕಡೆಯ ಗಾಡಿಗಳಲ್ಲಿ ಒಬ್ಬರೇ ಇರುವುದು ಕಡಿಮೆ.

ನಿದ್ದೆ ತಪ್ಪಾಗುವುದು ಹೇಗೆ?

ನಿದ್ದೆ ಬೇಕೆಂದು ಮಾಡಿದ್ದಲ್ಲವಲ್ಲ, ತಪ್ಪು ಹೇಗಾಗುತ್ತದೆ ಎಂದು ಅನೇಕರು ಕೇಳುತ್ತಾರೆ. ಕಾನೂನು ಅಪಘಾತದ ಆ ಕ್ಷಣವನ್ನಷ್ಟೇ ನೋಡುವುದಿಲ್ಲ, ಅದಕ್ಕೂ ಹಿಂದಿನ ಅರ್ಧ ತಾಸನ್ನೂ ನೋಡುತ್ತದೆ. ನಿದ್ದೆ ಹೇಳದೆ ಬರುವುದು ಬಹಳ ಅಪರೂಪ. ಮೇಲಿಂದ ಮೇಲೆ ಆಕಳಿಕೆ, ಕಣ್ಣುರಿ, ಗಾಡಿ ಬಿಳಿ ಗೆರೆ ದಾಟಿ ಮತ್ತೆ ಒಳಬರುವುದು, ದಾಟಿ ಬಂದ ಊರು ಯಾವುದೆಂದು ನೆನಪಾಗದಿರುವುದು, ಇವೆಲ್ಲ ಮೊದಲೇ ಬಂದಿರುತ್ತವೆ. ಆಗಲೂ ಗಾಡಿ ನಿಲ್ಲಿಸದಿದ್ದದ್ದು ಎಚ್ಚರದಲ್ಲೇ ಮಾಡಿದ ತೀರ್ಮಾನ. ನಿರ್ಲಕ್ಷ್ಯ ಅಲ್ಲಿದೆ.

ದೇಹದ ಲೆಕ್ಕವೂ ಚಾಲಕನ ಪರವಾಗಿಲ್ಲ. ರಾತ್ರಿ 2ರಿಂದ ಬೆಳಿಗ್ಗೆ 6ರವರೆಗೆ, ಮತ್ತೆ ಮಧ್ಯಾಹ್ನ ಊಟದ ನಂತರ ದೇಹದೊಳಗಿನ ಗಡಿಯಾರವೇ ಮಲಗೆನ್ನುತ್ತದೆ. ಸತತ 17 ತಾಸು ಎಚ್ಚರವಿದ್ದವನ ಚುರುಕು 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಮದ್ಯವಿರುವವನ ಮಟ್ಟಕ್ಕೆ ಇಳಿದಿರುತ್ತದೆಂದು ಪ್ರಯೋಗಗಳು ತೋರಿಸಿವೆ. ನಮ್ಮ ಕಾನೂನು ಒಪ್ಪುವ ಮಿತಿ 30 ಮಿ.ಗ್ರಾಂ. ಅಂದರೆ ಬೆಳಿಗ್ಗೆ 5ಕ್ಕೆ ಎದ್ದು ರಾತ್ರಿ 10ಕ್ಕೆ ಸ್ಟಿಯರಿಂಗ್ ಹಿಡಿದವನು ಹನಿ ಕುಡಿಯದೆಯೂ ಕುಡಿದವನ ಹಾಗೆ ಓಡಿಸುತ್ತಿರಬಹುದು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡು ರೆಪ್ಪೆ ಮುಚ್ಚಿದರೆ ಸುಮಾರು 90 ಮೀಟರ್ ದಾರಿ ನೋಡುವವರೇ ಇಲ್ಲ.

'ನಿದ್ದೆಗಣ್ಣಿನ ಚಾಲನೆ' ಎಂಬ ಹೆಸರಿನ ಪ್ರತ್ಯೇಕ ಅಪರಾಧ ನಮ್ಮಲ್ಲಿಲ್ಲ. ಪೊಲೀಸರು ಇದನ್ನು ಅತಿವೇಗ ಮತ್ತು ನಿರ್ಲಕ್ಷ್ಯದ ಚಾಲನೆಯ ಕಲಂಗಳಲ್ಲೇ ದಾಖಲಿಸುತ್ತಾರೆ: ಭಾರತೀಯ ನ್ಯಾಯ ಸಂಹಿತೆಯ 281, ಗಾಯವಾಗಿದ್ದರೆ 125, ಸಾವಾಗಿದ್ದರೆ 106(1). ಕೊನೆಯದಕ್ಕೆ ಐದು ವರ್ಷದವರೆಗೆ ಜೈಲು. ಜೊತೆಗೆ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಸೇರಬಹುದು. ಟ್ರಾವೆಲ್ಸ್ ಮತ್ತು ಲಾರಿ ಮಾಲೀಕರು ಅದೇ ಕಾಯ್ದೆಯ 188ನೇ ಕಲಂ ಅನ್ನೂ ಓದಿಕೊಳ್ಳುವುದು ಒಳ್ಳೆಯದು. ಅಪಾಯಕಾರಿ ಚಾಲನೆಗೆ ಕುಮ್ಮಕ್ಕು ಕೊಟ್ಟವನಿಗೂ ಅದರಲ್ಲಿ ಶಿಕ್ಷೆಯಿದೆ. "ಇನ್ನೊಂದು ಟ್ರಿಪ್ ಹೊಡಿ, ಮಲಗೋದು ಆಮೇಲೆ" ಎನ್ನುವ ಮಾಲೀಕ ಅದರ ಹತ್ತಿರಕ್ಕೇ ಬರುತ್ತಾನೆ. ವೃತ್ತಿ ಚಾಲಕರಿಗೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಕೆಲಸ, 5 ತಾಸಿಗೊಮ್ಮೆ ಕನಿಷ್ಠ ಅರ್ಧ ತಾಸು ವಿಶ್ರಾಂತಿ ಎಂಬ ಲೆಕ್ಕವನ್ನು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹಾಕಿಕೊಟ್ಟಿತ್ತು. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಗೇಟಿನ ಮುಂದೆ ರಾತ್ರಿಯೆಲ್ಲ ಸಾಲು ಹಚ್ಚಿ, ಬೆಳಿಗ್ಗೆ ಖಾಲಿ ಮಾಡಿ, ಮತ್ತೆ ಹೊಲಕ್ಕೆ ಓಡುವ ಟ್ರ್ಯಾಕ್ಟರ್ ಚಾಲಕರಿಗೆ ಈ ಲೆಕ್ಕ ತಲುಪಿದ್ದನ್ನು ನಾನಂತೂ ನೋಡಿಲ್ಲ.

ಹೊರಡುವ ಮುಂಚೆ

1. ಓಡಿಸುವವರು ಹಿಂದಿನ ರಾತ್ರಿ ಎಷ್ಟು ತಾಸು ಮಲಗಿದ್ದರೆಂದು ಕೇಳಿ. ಬಾಡಿಗೆ ಗಾಡಿಯಾದರೆ ಹಿಂದಿನ ಟ್ರಿಪ್ ಯಾವಾಗ ಮುಗಿಯಿತೆಂದು ಕೇಳಿ. ಇದು ಅವಮಾನದ ಪ್ರಶ್ನೆಯಲ್ಲ.

2. ಜೋಂಪು ಹತ್ತಿದಾಗ ಕೆಲಸ ಮಾಡುವುದು ನಿದ್ದೆಯೊಂದೇ. ಕಿಟಕಿ ಇಳಿಸುವುದು, ಹಾಡಿನ ಸದ್ದು ಏರಿಸುವುದು, ಮುಖಕ್ಕೆ ನೀರು ಚಿಮುಕಿಸುವುದು ಕೆಲವೇ ನಿಮಿಷದ ಆಟ. ಧಾಬಾ ಅಥವಾ ಪೆಟ್ರೋಲ್ ಬಂಕಿನ ಬೆಳಕಿನಲ್ಲಿ ಗಾಡಿ ನಿಲ್ಲಿಸಿ, ಒಂದು ಕಡಕ್ ಚಹಾ ಅಥವಾ ಕಾಫಿ ಕುಡಿದು, ಕೂಡಲೇ 15–20 ನಿಮಿಷ ಮಲಗಿ. ಕೆಫೀನ್ ಮೈಗೆ ಹತ್ತಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು, ಎದ್ದಾಗ ಎರಡೂ ಸೇರಿ ಕೆಲಸ ಮಾಡುತ್ತವೆ. ಎದ್ದ ಮೇಲೆ ಐದು ನಿಮಿಷ ಅಡ್ಡಾಡಿ. ಇದು ಒಂದೆರಡು ತಾಸಿನ ದಾರಿಗಷ್ಟೇ ಸಾಕು.

3. ರಸ್ತೆ ಅಂಚಿನಲ್ಲಿ ಕತ್ತಲಲ್ಲಿ ನಿಲ್ಲಿಸಬೇಡಿ. ಹಿಂದೆ ಬರುವವನಿಗೂ ಕಣ್ಣು ಹತ್ತಿರಬಹುದು.

4. ನೆಗಡಿ, ಅಲರ್ಜಿಯ ಮಾತ್ರೆ ಮತ್ತು ಕೆಲವು ಕೆಮ್ಮಿನ ಸಿರಪ್ಪು ಮಂಪರು ತರುತ್ತವೆ. ಜೋರು ಗೊರಕೆ ಹೊಡೆದು, ರಾತ್ರಿ ಉಸಿರುಗಟ್ಟಿ ಎದ್ದು, ಹಗಲೆಲ್ಲ ತೂಕಡಿಸುವವರು ವೈದ್ಯರಿಗೆ ತೋರಿಸಬೇಕು. ತನ್ನ ಕಾಯಿಲೆಯಿಂದ ಅಪಾಯವಿದೆಯೆಂದು ಗೊತ್ತಿದ್ದೂ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 186ನೇ ಕಲಂ ಪ್ರಕಾರ ಅದೂ ಅಪರಾಧ.

5. ಮುಂದಿನ ಸೀಟಿನಲ್ಲಿ ಕೂತವರು ಮಲಗಬಾರದು. ಹಿರಿಯರು ಓಡಿಸುತ್ತಿದ್ದರೆ "ನಿಮಗೆ ನಿದ್ದೆ ಬಂದಿದೆ" ಎನ್ನುವುದಕ್ಕೆ ಸಂಕೋಚವಾಗುತ್ತದೆ, ಆಗ ದೋಷ ನಿಮ್ಮ ಮೇಲೆ ಹಾಕಿಕೊಳ್ಳಿ: "ಕಾಕಾ, ಗಾಡಿ ಸೈಡಿಗಿ ಹಚ್ಚರಿ, ನಂಗ ಚಹಾ ಕುಡ್ಯೋದದ." ಕಾಕಾ ನಿಲ್ಲಿಸುತ್ತಾರೆ.

ಅಪಘಾತವಾದರೆ

ಮೊದಲು ಜೀವ. 112 ಅಥವಾ 108ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಗಾಯಾಳು ಒಬ್ಬರಿಗೆ ಅಪಘಾತದ ದಿನದಿಂದ ಏಳು ದಿನ, 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಕೈಯಿಂದ ಹಣ ಕಟ್ಟಬೇಕಿಲ್ಲ. ತಪ್ಪು ಯಾರದು ಎಂಬ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ. ಆದರೆ ಇದು ಅಪಘಾತವೆಂದು ಪೊಲೀಸರು ದೃಢಪಡಿಸಬೇಕು, ಹಾಗಾಗಿ ಆಸ್ಪತ್ರೆ ಸೇರಿಸಿದ ಕೂಡಲೇ ಈ ಯೋಜನೆಯ ಹೆಸರೆತ್ತಿ ಕೇಳಿ. ನೆರವಿಗೆ ಬಂದ ದಾರಿಹೋಕರನ್ನು ಪೊಲೀಸರು ಪೀಡಿಸುವಂತಿಲ್ಲ, ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 134ಎ ಕಲಂ ಮತ್ತು ಅದರಡಿಯ ನಿಯಮಗಳು ಹೇಳುತ್ತವೆ.

ಆಮೇಲಿನ ಕೆಲಸವೆಲ್ಲ ಸಾಕ್ಷ್ಯದ್ದು. ಮದ್ಯಕ್ಕಾದರೆ ಊದಿಸುವ ಯಂತ್ರವಿದೆ. ನಿದ್ದೆ ಅಳೆಯುವ ಯಂತ್ರವಿಲ್ಲ. ಚಾಲಕನು ಪ್ರಜ್ಞೆ ಬಂದ ಮೇಲೆ "ನಾನು ಎಚ್ಚರವಾಗೇ ಇದ್ದೆ" ಅಂದರೆ ಮುಂದೇನು?

ಇಲ್ಲಿ ಹೆದರಬೇಕಿಲ್ಲ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕ್ರಿಮಿನಲ್ ಕೇಸಿನಷ್ಟು ಬಿಗಿ ಸಾಕ್ಷ್ಯ ಬೇಕಿಲ್ಲ, ಹೀಗಾಗಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. ಪುಷ್ಪಾಬಾಯಿ ಉದೇಶಿ ಪ್ರಕರಣದಲ್ಲಿ ಕಾರೊಂದು ರಸ್ತೆ ಬಿಟ್ಟು ಬಲಗಡೆಗೆ ಹೋಗಿ ಮರಕ್ಕೆ ಗುದ್ದಿತ್ತು. ಘಟನೆ ತಾನೇ ಕಥೆ ಹೇಳುತ್ತಿದೆ, ತಪ್ಪಿಲ್ಲವೆಂದು ತೋರಿಸುವ ಹೊಣೆ ಎದುರಿನವರದೇ ಎಂದು 1977ರಲ್ಲೇ ಸುಪ್ರೀಂ ಕೋರ್ಟು ಹೇಳಿತು. ಗಾಡಿಯ ಮಾಲೀಕ ಕಂಪನಿಯನ್ನೂ ಹೊಣೆ ಮಾಡಿತು. ನೀವು ಮಂಡಳಿಯ ಮುಂದೆ 'ನಿದ್ದೆ' ಎಂಬುದನ್ನೇ ರುಜುವಾತು ಮಾಡಬೇಕಾಗಿಲ್ಲ. ಗಾಡಿ ತನ್ನ ಜಾಗ ಬಿಟ್ಟು ಹೋಯಿತು, ಅದಕ್ಕೆ ಬೇರೆ ಕಾರಣವಿಲ್ಲ ಎಂಬುದು ಗಟ್ಟಿಯಾಗಬೇಕು. ಅದಕ್ಕೆ:

1. ಸ್ಥಳದ ಫೋಟೊ ಮತ್ತು ವಿಡಿಯೊ. ಕ್ರೇನ್ ಬರುವ ಮುಂಚೆ ತೆಗೆಯಿರಿ. ಎಚ್ಚರವಿದ್ದವನು ಬ್ರೇಕ್ ತುಳಿಯುತ್ತಾನೆ, ರಸ್ತೆಯ ಮೇಲೆ ಟಾಯರಿನ ಕಪ್ಪು ಗೆರೆ ಬೀಳುತ್ತದೆ. ನಿದ್ದೆ ಹೋದವನ ಗಾಡಿ ಸಾವಕಾಶ ಓರೆಯಾಗುತ್ತ ಹೋಗಿ ಗುದ್ದಿರುತ್ತದೆ. ಡಾಂಬರಿನ ಮೇಲೆ ಗೆರೆ ಇಲ್ಲ, ಅಂಚಿನ ಮಣ್ಣಿನಲ್ಲಿ ಮಾತ್ರ ಗಾಲಿಯ ನೇರ ಗುರುತು. ಗಾಜಿನ ಚೂರು ಎಲ್ಲಿ ಬಿದ್ದಿವೆ, ಗಾಡಿ ಯಾವ ಮಗ್ಗುಲಲ್ಲಿ ನಿಂತಿದೆ, ಮೈಲಿಗಲ್ಲಿನ ಸಂಖ್ಯೆ ಎಷ್ಟು, ಎಲ್ಲ ಚಿತ್ರದಲ್ಲಿರಲಿ. ಹೊಸ ಗಾಡಿಗಳ ಎಬಿಎಸ್ ಬ್ರೇಕ್ ಗೆರೆ ಮೂಡಿಸದೆಯೂ ಇರಬಹುದು, ಆದ್ದರಿಂದ ಇದೊಂದನ್ನೇ ನಂಬಿ ಕೂರಬೇಡಿ.

2. ಪಂಚನಾಮೆ ಮತ್ತು ಸ್ಥಳದ ನಕ್ಷೆ. ಪೊಲೀಸರು ಬರೆಯುವಾಗ ಮನೆಯವರೊಬ್ಬರು ಅಲ್ಲಿರಿ. ಗಾಡಿ ರಸ್ತೆಯ ಯಾವ ಬದಿಯಲ್ಲಿತ್ತು ಎಂಬ ಒಂದು ಸಾಲು ತಪ್ಪಾದರೆ ಮುಂದೆ ವಿಮಾ ಕಂಪನಿಯ ವಕೀಲರು ಅದನ್ನೇ ಎತ್ತಿ ಆಡುತ್ತಾರೆ.

3. ಎಷ್ಟು ಹೊತ್ತಿನಿಂದ ಓಡಿಸುತ್ತಿದ್ದರು ಎಂಬುದಕ್ಕೆ ಕುರುಹು: ಫಾಸ್ಟ್ಯಾಗ್ ಕಡಿತದ ಸಂದೇಶಗಳು, ಡೀಸೆಲ್ ಬಿಲ್ಲು, ಟ್ರಿಪ್ ಶೀಟು, ಬಸ್ಸು–ಟ್ಯಾಕ್ಸಿಗಳ ಜಿಪಿಎಸ್ ದಾಖಲೆ. ಧಾಬಾ ಮತ್ತು ಬಂಕಿನ ಸಿಸಿಟಿವಿ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ. ಅದನ್ನು ಉಳಿಸಿಕೊಡುವಂತೆ ತನಿಖಾಧಿಕಾರಿಗೆ ಮೊದಲ ವಾರದಲ್ಲೇ ಲಿಖಿತವಾಗಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಪಡೆಯಿರಿ.

4. ಆಸ್ಪತ್ರೆಯ ಮೊದಲ ಚೀಟಿ. ದಾಖಲಾಗುವಾಗ ವೈದ್ಯರು ಬರೆದುಕೊಳ್ಳುವ 'ಹೇಗೆ ಆಯಿತು' ಎಂಬ ಸಾಲು ವರ್ಷಗಳ ಮೇಲೂ ಕೋರ್ಟಿನಲ್ಲಿ ಮಾತಾಡುತ್ತದೆ. ಗಾಬರಿಯಲ್ಲಿ ಯಾರೋ "ಬಿದ್ದು ಪೆಟ್ಟಾಯಿತು" ಎಂದು ಬರೆಸಿದರೆ ಅದನ್ನು ತೊಳೆಯುವುದು ಕಷ್ಟ.

5. ಎಫ್‌ಐಆರ್ ಪ್ರತಿ, ಗಾಡಿಯ ಆರ್‌ಸಿ, ವಿಮಾ ಪಾಲಿಸಿ, ಚಾಲಕನ ಲೈಸೆನ್ಸ್ ಇವುಗಳ ನಕಲು. 2022ರ ನಿಯಮಗಳ ಪ್ರಕಾರ ಪೊಲೀಸರು 48 ತಾಸಿನೊಳಗೆ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕು. ಕಳಿಸಿದ್ದಾರೆಯೇ ಎಂದು ಕೇಳುವ ಹಕ್ಕು ನಿಮ್ಮದು.

ಓಡಿಸಿದವರು ನಮ್ಮವರೇ ಆದರೆ

ಬೀದರ್ ಸೀಮೆಯಲ್ಲಿ ಹೆಚ್ಚಿನ ಕ್ಲೇಮುಗಳು ಹಾಳಾಗುವುದು ಇಲ್ಲೇ ಎಂಬುದು ನನ್ನ ಅಭಿಪ್ರಾಯ. ಅಣ್ಣ ಓಡಿಸುತ್ತಿದ್ದ, ಅತ್ತಿಗೆಯ ಕಾಲು ಮುರಿಯಿತು. ಅಣ್ಣನ ಮೇಲೆ ಕೇಸ್ ಹೇಗೆ ಹಾಕುವುದು? ಹಿರಿಯರು ಕೂತು ಒಂದು ಕಥೆ ಕಟ್ಟುತ್ತಾರೆ: ಎಮ್ಮೆ ಅಡ್ಡ ಬಂತು, ನಾಯಿ ಅಡ್ಡ ಬಂತು, ಇಲ್ಲವೇ ನಂಬರ್ ಕಾಣದ ಲಾರಿಯೊಂದು ಹೊಡೆದು ಹೋಯಿತು. ಅಣ್ಣ ಪೊಲೀಸರಿಂದ ಪಾರಾಗುತ್ತಾನೆ, ಅತ್ತಿಗೆಯ ಪರಿಹಾರ ಮುಳುಗುತ್ತದೆ. ಎಮ್ಮೆ ಅಡ್ಡ ಬಂದಿದ್ದರೆ ಚಾಲಕನ ನಿರ್ಲಕ್ಷ್ಯವಿಲ್ಲ, ನಿರ್ಲಕ್ಷ್ಯವಿಲ್ಲದಿದ್ದರೆ 166ನೇ ಕಲಂ ಅಡಿಯ ಪೂರ್ತಿ ಪರಿಹಾರವಿಲ್ಲ. ಗುರುತಿಲ್ಲದ ಲಾರಿ ಎಂದರೆ ಸಿಗುವುದು ಹಿಟ್ ಅಂಡ್ ರನ್ ನಿಧಿಯಿಂದ ಭಾರಿ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ ಮಾತ್ರ. ಸುಳ್ಳು ಬರೆಸಿದ್ದು ಬಯಲಾದರೆ ಬೇರೆ ಕೇಸು.

ನಿಜ ಬರೆಸಿದರೆ ಅಣ್ಣನ ಮೇಲೆ ಕ್ರಿಮಿನಲ್ ಕೇಸ್ ಆಗುತ್ತದೆ, ಅದನ್ನು ಮುಚ್ಚಿಟ್ಟು ಹೇಳಿ ಪ್ರಯೋಜನವಿಲ್ಲ. ಆದರೆ ಪರಿಹಾರದ ಹಣ ಸಾಮಾನ್ಯವಾಗಿ ಅವನ ಮನೆಯಿಂದ ಹೋಗುವುದಿಲ್ಲ, ಪಾಲಿಸಿ ಸರಿಯಿದ್ದರೆ ವಿಮಾ ಕಂಪನಿ ಕೊಡುತ್ತದೆ. ಚಾಲಕ ನಿದ್ದೆ ಮಾಡಿದ ಎಂಬ ಕಾರಣಕ್ಕೆ ಮೂರನೆಯವರ ಪರಿಹಾರವನ್ನು ಅದು ತಳ್ಳಿಹಾಕುವಂತಿಲ್ಲ. ಚಾಲಕನ ನಿರ್ಲಕ್ಷ್ಯಕ್ಕಾಗಿಯೇ ಆ ವಿಮೆ ಇರುವುದು.

ಪಾಲಿಸಿ ಸರಿಯಿದೆಯೇ ಎಂಬುದನ್ನು ಇವತ್ತೇ ಕಪಾಟಿನಿಂದ ತೆಗೆದು ನೋಡಿ. ಖಾಸಗಿ ಕಾರಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಅದು ರಸ್ತೆಯ ಮೇಲಿನವರಿಗೆ ಮತ್ತು ಎದುರು ಗಾಡಿಯವರಿಗೆ, ನಿಮ್ಮ ಕಾರಿನೊಳಗೆ ಕೂತ ಬಂಧುಗಳಿಗಾಗಲಿ ಬೈಕಿನ ಹಿಂಬದಿ ಸವಾರರಿಗಾಗಲಿ ಸಾಮಾನ್ಯವಾಗಿ ಬರುವುದಿಲ್ಲ. ಪ್ಯಾಕೇಜ್ ಅಥವಾ ಕಾಂಪ್ರಹೆನ್ಸಿವ್ ಪಾಲಿಸಿಯಾದರೆ ಬರುತ್ತದೆ. ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟು 2006ರ ತಿಲಕ್ ಸಿಂಗ್ ಮತ್ತು 2012ರ ಬಾಲಕೃಷ್ಣನ್ ತೀರ್ಪುಗಳಲ್ಲಿ ಸ್ಪಷ್ಟಪಡಿಸಿದೆ. ಪ್ರೀಮಿಯಂ ಉಳಿಸಲು ಹೋಗಿ ಮನೆಮಂದಿಯನ್ನೇ ಹೊರಗಿಟ್ಟ ಪಾಲಿಸಿಗಳು ನಮ್ಮಲ್ಲಿ ಬೇಕಾದಷ್ಟಿವೆ.

ಇನ್ನು ಓಡಿಸಿದವನೇ ಸತ್ತರೆ? 2014ರ ಜೂನ್ 18ರಂದು ಅರಸೀಕೆರೆ ಕಡೆ ಹೊರಟಿದ್ದ ಕಾರೊಂದು ಮೈಲನಹಳ್ಳಿ ಗೇಟ್ ಬಳಿ ಪಲ್ಟಿಯಾಗಿ ಚಾಲಕ ತೀರಿಕೊಂಡರು. ಟಾಯರ್ ಒಡೆದಿತ್ತೆಂದು ಹೇಳಿ ಕುಟುಂಬದವರು 80 ಲಕ್ಷ ಕೇಳಿದರು. ತಪ್ಪು ಚಾಲಕರದೇ ಎಂದು ಪೊಲೀಸ್ ದಾಖಲೆ ಹೇಳುತ್ತಿತ್ತು. ಕರ್ನಾಟಕ ಹೈಕೋರ್ಟು ಒಪ್ಪಲಿಲ್ಲ, 2025ರ ಜುಲೈ 2ರಂದು ಸುಪ್ರೀಂ ಕೋರ್ಟೂ ಮಧ್ಯೆ ಬರಲಿಲ್ಲ. ತನ್ನದೇ ತಪ್ಪಿಗೆ ತಾನೇ ಪರಿಹಾರ ಕೇಳಲು ಬರುವುದಿಲ್ಲ. ಅಂಥ ಮನೆಗೆ ಉಳಿಯುವುದು ಪಾಲಿಸಿಯಲ್ಲಿ ಸೇರಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ಮಾಲೀಕನೇ ಓಡಿಸುತ್ತಿದ್ದು ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಅದು ಸಿಗುತ್ತದೆ. ಸಂಬಳದ ಚಾಲಕನಾದರೆ ದಾರಿ ಬೇರೆ: ಕಾರ್ಮಿಕ ಪರಿಹಾರದ ಕಾನೂನಿನಲ್ಲಿ ಸಾಮಾನ್ಯ ನಿರ್ಲಕ್ಷ್ಯ ಅಡ್ಡಿಯಾಗುವುದಿಲ್ಲ, ದುಡಿಯುವಾಗ ಆದ ಗಾಯವಾಗಿದ್ದರೆ ಸಾಕು. ಲಾರಿ ಚಾಲಕರ ಎಷ್ಟೋ ಮನೆಗಳಿಗೆ ಇದು ಗೊತ್ತೇ ಇಲ್ಲ.

ಜನ ಮಾಡುವ ತಪ್ಪುಗಳು

*ಟೆಂಪೊದಲ್ಲಿ ಮಂದಿ ತುಂಬುವುದು.* ಜಾತ್ರೆಗೆ, ಕೂಲಿಗೆ, ಹೆಣ್ಣು ನೋಡುವ ಶಾಸ್ತ್ರಕ್ಕೆ ಸರಕಿನ ಗಾಡಿ ಅಥವಾ ಟ್ರ್ಯಾಕ್ಟರ್ ಟ್ರೇಲರ್ ಹತ್ತಿದವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟಿನ ಆಶಾ ರಾಣಿ ಪ್ರಕರಣದ ನಂತರ ನಿಂತುಹೋಗಿದೆ. ಮಾಲೀಕನಿಂದ ವಸೂಲು ಮಾಡಬೇಕು, ಅವನ ಬಳಿ ಆ ಟೆಂಪೊ ಬಿಟ್ಟು ಏನೂ ಇರುವುದಿಲ್ಲ. ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಹಿಡಿದರೂ ಕಂಪನಿ ತಕರಾರು ತೆಗೆಯುತ್ತದೆ. ಹಳದಿ ಬೋರ್ಡು ನೋಡಿ ಹತ್ತಿ.

*ಎದುರಿನ ಲಾರಿಯವನದೂ ತಪ್ಪಿದೆಯೆಂದು ಸುಮ್ಮನಾಗುವುದು.* ಇಬ್ಬರು ಚಾಲಕರ ತಪ್ಪಿನಿಂದ ಪ್ರಯಾಣಿಕರಿಗೆ ಗಾಯವಾದರೆ ಇಬ್ಬರಲ್ಲಿ ಯಾರಿಂದಲಾದರೂ ಪೂರ್ತಿ ಪರಿಹಾರ ಕೇಳಬಹುದು (ಖೆನ್ಯೆಯಿ ಪ್ರಕರಣ, 2015). ಬೈಕಿನಲ್ಲಿ ಮೂವರು ಕೂತಿದ್ದರೆಂಬ ಕಾರಣಕ್ಕಷ್ಟೇ ಪರಿಹಾರ ಕಡಿಮೆಯಾಗುವುದೂ ಇಲ್ಲ. ಮೂವರು ಕೂತದ್ದರಿಂದಲೇ ಅಪಘಾತವಾಯಿತೆಂದು ತೋರಿಸಬೇಕು.

*ಊರ ಪಂಚಾಯ್ತಿಯಲ್ಲಿ ಮುಗಿಸುವುದು.* ಇಪ್ಪತ್ತು ಸಾವಿರಕ್ಕೆ ಬಾಂಡ್ ಪೇಪರಿನ ಮೇಲೆ ಸಹಿ ಹಾಕಿ, ಆರು ತಿಂಗಳ ಮೇಲೆ ಕಾಲಿಗೆ ಎರಡನೇ ಆಪರೇಷನ್ ಬಂದಾಗ ಕಣ್ಣೀರು ಹಾಕುವವರಿದ್ದಾರೆ. ಆಸ್ಪತ್ರೆಯ ಬಾಗಿಲಲ್ಲೇ ಬಂದು ಖಾಲಿ ವಕಾಲತ್ತಿಗೆ ಸಹಿ ಕೇಳುವವರಿಂದಲೂ ದೂರವಿರಿ. ಬರುವ ಪರಿಹಾರದಲ್ಲಿ ಪಾಲು ಕೇಳುವುದು ವಕೀಲರ ವೃತ್ತಿ ನಿಯಮಕ್ಕೇ ವಿರುದ್ಧ.

*ತಡಮಾಡುವುದು.* 2022ರ ಏಪ್ರಿಲ್‌ನಿಂದ ಕ್ಲೇಮ್ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಗಡುವಿದೆ. ಈ ಗಡುವು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದೆ ನಿಜ, ಅದನ್ನು ನಂಬಿಕೊಂಡು ಏಳನೇ ತಿಂಗಳಿಗೆ ಹೋಗಬೇಡಿ.

ಎಷ್ಟು ಸಿಗಬಹುದು, ಎಲ್ಲಿ ಕೇಳಬೇಕು

ತಪ್ಪು ಯಾರದೆಂದು ತೋರಿಸಲಾಗದಿದ್ದರೆ 164ನೇ ಕಲಂ ಇದೆ: ಸಾವಿಗೆ 5 ಲಕ್ಷ, ಭಾರಿ ಗಾಯಕ್ಕೆ 2.5 ಲಕ್ಷ ನಿಗದಿ. ತಪ್ಪು ತೋರಿಸಬಲ್ಲಿರಾದರೆ 166ರ ಅರ್ಜಿ, ಅಲ್ಲಿ ಲೆಕ್ಕ ದೊಡ್ಡದು. ಒಂದು ಕಲ್ಪಿತ ಉದಾಹರಣೆ: ಭಾಲ್ಕಿಯಲ್ಲಿ ತಿಂಗಳಿಗೆ 15,000 ದುಡಿಯುವ 32 ವರ್ಷದ ದರ್ಜಿಯ ಕೈ ಸೊಟ್ಟಾಯಿತು. ವೈದ್ಯರ ಪ್ರಮಾಣಪತ್ರದಲ್ಲಿ ಏನೇ ಇರಲಿ, ಅವರ ದುಡಿಮೆಗೆ ಬಿದ್ದ ಹೊಡೆತ ಶೇ. 20 ಎಂದು ಮಂಡಳಿ ನಿರ್ಣಯಿಸಿತು ಅನ್ನೋಣ. ಮುಂದಿನ ಗಳಿಕೆಯ ಏರಿಕೆಗೆಂದು ಶೇ. 40 ಸೇರಿಸಿದರೆ ತಿಂಗಳಿಗೆ 21,000, ವರ್ಷಕ್ಕೆ 2,52,000. ಆ ವಯಸ್ಸಿಗೆ ಸುಪ್ರೀಂ ಕೋರ್ಟಿನ ಸರಳಾ ವರ್ಮಾ ತೀರ್ಪಿನ ಕೋಷ್ಟಕದ ಗುಣಕ 16. ಗುಣಿಸಿ, ಬಂದ ಮೊತ್ತದ ಶೇ. 20 ಲೆಕ್ಕ ಹಾಕಿದರೆ 8,06,400 ರೂಪಾಯಿ. ಇದರ ಮೇಲೆ ಆಸ್ಪತ್ರೆ ಖರ್ಚು, ನೋವಿಗೆ, ಮಲಗಿದ್ದ ತಿಂಗಳುಗಳ ಕೂಲಿಗೆ, ಆರೈಕೆ ಮಾಡಿದವರಿಗೆ, ಓಡಾಟಕ್ಕೆ ಬೇರೆ ಬೇರೆ. ಆದ್ದರಿಂದಲೇ ಗಿರಾಕಿಗಳ ಪುಸ್ತಕ, ಫೋನ್‌ಪೇ ಜಮೆ, ಬಾಡಿಗೆ ರಸೀದಿ, ಹೀಗೆ ದುಡಿಮೆ ತೋರಿಸುವ ಯಾವ ಕಾಗದವನ್ನೂ ಎಸೆಯಬೇಡಿ. ಕಾಗದವಿಲ್ಲದಿದ್ದರೆ ಮಂಡಳಿ ತಾನೇ ಒಂದು ಅಂದಾಜು ಗಳಿಕೆ ಹಿಡಿಯುತ್ತದೆ, ಅದು ನಿಮ್ಮ ನಿಜವಾದ ದುಡಿಮೆಗಿಂತ ಕಡಿಮೆಯೇ ಇರಬಹುದು.

ಗಡಿ ಜಿಲ್ಲೆಯವರಿಗೆ ಒಂದು ಅನುಕೂಲವಿದೆ. ಅಪಘಾತ ಜಹೀರಾಬಾದ್ ಬಳಿಯಾಗಲಿ ದೇಗಲೂರ್ ಬಳಿಯಾಗಲಿ, ನೀವು ವಾಸಿಸುವ ಜಾಗದ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಬೀದರ್‌ನಲ್ಲಿ ಅದು ಜಿಲ್ಲಾ ನ್ಯಾಯಾಲಯದ ಆವರಣ. ಭಾಲ್ಕಿ, ಔರಾದ್‌ನವರು ತಮ್ಮ ತಾಲ್ಲೂಕಿನ ಕೋರ್ಟಿಗೆ ಆ ಅಧಿಕಾರವಿದೆಯೇ ಎಂದು ವಕೀಲರಲ್ಲಿ ವಿಚಾರಿಸಲಿ. ಎಫ್‌ಐಆರ್ ಕೂಡ ಯಾವ ಠಾಣೆಯಲ್ಲಾದರೂ ಕೊಡಬಹುದು, ಅವರು ಅದನ್ನು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ತೊಡಕು ಬರುವುದು ಭಾಷೆಯದು. ತೆಲುಗು ಅಥವಾ ಮರಾಠಿಯಲ್ಲಿರುವ ಎಫ್‌ಐಆರ್, ಪಂಚನಾಮೆ, ದೋಷಾರೋಪ ಪಟ್ಟಿಗಳ ದೃಢೀಕೃತ ಪ್ರತಿ ಮತ್ತು ಅನುವಾದ ಬೇಕಾಗುತ್ತದೆ, ಇದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಆರು ತಿಂಗಳ ಲೆಕ್ಕದಲ್ಲಿ ಈ ಓಡಾಟವನ್ನೂ ಹಿಡಿಯಿರಿ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವಿದೆ, ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆದರೆ ಮೇಲಿನ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಲ್ಲಿ ಒಪ್ಪಿ ಸಹಿ ಮಾಡಿದ ಮೇಲೆ ಮೇಲ್ಮನವಿ ಇಲ್ಲ. ಮಂಡಳಿಯ ತೀರ್ಪು ಕಡಿಮೆಯೆನಿಸಿದರೆ ಮಾತ್ರ 90 ದಿನದೊಳಗೆ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಬಹುದು.